ನೋಡುವವರಿಲ್ಲದ ಕೋರ್ಟ್: ದಾವಣಗೆರೆಯ ಒಂದು ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಪ್ರಕರಣ

ಇದು ದಾವಣಗೆರೆ ನಗರದ ಒಂದು ಪದವಿ ಕಾಲೇಜಿನ ಪ್ರಕರಣ. ಕಾಲೇಜಿನ ಹೆಸರು, ಆಟಗಾರರ ಹೆಸರು, ವರ್ಷ ಎಲ್ಲವನ್ನೂ ಬಿಟ್ಟಿದ್ದೇನೆ. ಗುರುತು ಸಿಗುವಂಥ ಕೆಲವು ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ತೆಗೆದುಕೊಂಡ ತೀರ್ಮಾನಗಳು, ಅವುಗಳ ಹಿಂದಿನ ವಾದ, ಆಮೇಲೆ ಆದದ್ದು, ಇವಿಷ್ಟು ಇದ್ದ ಹಾಗೇ ಇವೆ. ಆಗ ನಾನು ಅಲ್ಲಿನ ಕ್ರೀಡಾ ಸಮಿತಿಯಲ್ಲಿದ್ದ ಅಧ್ಯಾಪಕರಲ್ಲಿ ಒಬ್ಬ. ನಮ್ಮ ಕಡೆಯ ಎಷ್ಟೋ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಎಂದರೆ ಬೈಕ್ ನಿಲ್ಲಿಸುವ ಜಾಗವಾಗಿಬಿಟ್ಟಿದೆ. ಅಂಥ ಕಡೆ ಕೆಲಸ ಮಾಡುತ್ತಿರುವವರಿಗೆ ಇದು ಉಪಯೋಗವಾದರೆ ಸಾಕು.

ಹಿನ್ನೆಲೆ

ಕಾಲೇಜಿನಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಸಿ.ಎ. ಎಲ್ಲ ಇವೆ. ಮಕ್ಕಳಲ್ಲಿ ಬಹಳಷ್ಟು ಜನ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಜಗಳೂರು ಕಡೆಯವರು, ಹೊನ್ನಾಳಿ ಕಡೆಯವರು, ಆನಗೋಡು, ಮಾಯಕೊಂಡ, ಹರಿಹರದವರು. ಕಾಲೇಜಿನ ಹಿಂದೆ ಒಂದು ಸಿಮೆಂಟ್ ಕೋರ್ಟ್ ಇದೆ. 28 ಮೀಟರ್ ಉದ್ದ, 15 ಮೀಟರ್ ಅಗಲ, ಸರಿಯಾದ ಅಳತೆಯದೇ. ಉತ್ತರ-ದಕ್ಷಿಣವಾಗಿ ಹಾಕಿದ್ದಾರೆ, ಹಾಗಾಗಿ ಬಿಸಿಲು ಆಟಗಾರರ ಕಣ್ಣಿಗೆ ನೇರವಾಗಿ ಹೊಡೆಯುವುದಿಲ್ಲ. ಪೂರ್ವದ ಬದಿಗೆ ಸಾಲಾಗಿ ಬೇವಿನ ಮರಗಳಿವೆ. ಲೈಟ್ ಇಲ್ಲ, ಕೂರುವುದಕ್ಕೆ ಗ್ಯಾಲರಿ ಇಲ್ಲ.

ಹುಡುಗರದ್ದು ಒಂದು ತಂಡ, ಹುಡುಗಿಯರದ್ದು ಒಂದು ತಂಡ. ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಶುರುವಾದದ್ದು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಕಾಲೇಜುಗಳು ಅದರ ಅಡಿಯಲ್ಲಿ ಬರುತ್ತವೆ. ಅಂತರ ಕಾಲೇಜು ಟೂರ್ನಿಯಲ್ಲಿ ನಮ್ಮ ಎರಡೂ ತಂಡಗಳು ವರ್ಷ ವರ್ಷವೂ ಮೊದಲ ಸುತ್ತಿನಲ್ಲೇ ಸೋತು ವಾಪಸ್ ಬರುತ್ತಿದ್ದವು. ನಮ್ಮ ಕೋರ್ಟಿನಲ್ಲೇ ಪಂದ್ಯ ನಡೆದರೂ ನೋಡುವುದಕ್ಕೆ ಬದಲಿ ಆಟಗಾರರು, ಅವರ ಒಂದಿಬ್ಬರು ಗೆಳೆಯರು, ನೀರಿನ ಕ್ಯಾನ್ ತರುವ ಅಟೆಂಡರ್, ಇಷ್ಟೇ ಜನ.

ಊರಿನವರಿಗೆ ಆಟದ ಮೇಲೆ ಪ್ರೀತಿ ಇಲ್ಲ ಎನ್ನುವ ಹಾಗಿಲ್ಲ. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ನಡೆದರೆ ಕಾಂಪೌಂಡ್ ಮೇಲೆಲ್ಲ ಜನ. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಕಾಲಿಡುವುದಕ್ಕೆ ಜಾಗ ಇರುವುದಿಲ್ಲ. ಹಳ್ಳಿಗಳಲ್ಲಿ ಲೈಟ್ ಹಾಕಿ ಕಬಡ್ಡಿ, ವಾಲಿಬಾಲ್ ಆಡಿಸಿದರೆ ಬೆಳಗಿನ ಜಾವದವರೆಗೂ ಎದ್ದು ಹೋಗುವುದಿಲ್ಲ. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ರಣಜಿ ಗೆದ್ದಾಗ ಈ ಊರು ಎಷ್ಟು ಖುಷಿ ಪಟ್ಟಿತ್ತು! ಅವರು ನಮ್ಮೂರ ಹುಡುಗ ಅಲ್ವಾ. ಹಾಗಾದರೆ ಇದೇ ಊರಿನ ಮಕ್ಕಳು ತಮ್ಮದೇ ಕಾಲೇಜಿನ ಕೋರ್ಟಿಗೆ ಯಾಕೆ ಬರುತ್ತಿರಲಿಲ್ಲ?

ಸಮಿತಿಯಲ್ಲಿ ಹೆಚ್ಚಿನವರ ಉತ್ತರ ಒಂದೇ ಇತ್ತು. ತಂಡ ಗೆಲ್ಲಲಿ, ಜನ ತಾವಾಗೇ ಬರುತ್ತಾರೆ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ಗೆಲ್ಲುವ ತನಕ ಕಾಯುತ್ತಾ ಕೂತು ಎಷ್ಟೋ ವರ್ಷ ಕಳೆದಿತ್ತು. ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಎಲ್ಲರೂ ಪಿ.ಡಿ. ಸರ್ ಎಂದು ಕರೆಯುವವರು, ಒಂದು ದಿನ ಹುಡುಗರ ಕ್ಯಾಪ್ಟನ್‌ಗೆ ಹೇಳಿದರು, "ನಿನ್ನ ಕ್ಲಾಸಿನವರನ್ನಾದರೂ ಕರ್ಕೊಂಡು ಬಾರಪ್ಪ." ಅವನು ತಲೆ ತಗ್ಗಿಸಿಯೇ ಹೇಳಿದ, "ಬ್ಯಾಡ ಬಿಡ್ರಿ ಸರ್. ಸೋಲೋದನ್ನ ಯಾರಿಗೆ ತೋರಿಸೋದು?"

ಈ ಮಾತು ಸಮಿತಿಯ ಮುಂದೆ ಬಂದಾಗ ಸಮಸ್ಯೆಯ ಇನ್ನೊಂದು ಮುಖ ಕಂಡಿತು. ನೋಡುವವರು ದೂರ ಇದ್ದರು, ಜೊತೆಗೆ ಆಡುವವರೂ ಅವರನ್ನು ದೂರ ಇಟ್ಟಿದ್ದರು. ಪಂದ್ಯ ಇದೆ ಎಂದು ಆಟಗಾರರೇ ಗೆಳೆಯರಿಗೆ ಹೇಳುತ್ತಿರಲಿಲ್ಲ.

ಮೊದಲು ಮಾಡಿದ ಪ್ರಯತ್ನಗಳು

ಆಡಳಿತ ಮಂಡಳಿ ಮೊದಲು ಒಪ್ಪಿಕೊಂಡದ್ದು ದೊಡ್ಡ ಉದ್ಘಾಟನೆಗೆ. ನಾಲ್ಕು ಕಾಲೇಜುಗಳ ಆಹ್ವಾನಿತ ಟೂರ್ನಿ ಇಟ್ಟುಕೊಂಡರು. ಗೇಟಿಗೆ ಫ್ಲೆಕ್ಸ್, ಕೋರ್ಟಿನ ಒಂದು ತುದಿಗೆ ಶಾಮಿಯಾನ, ವೇದಿಕೆ, ಮುಖ್ಯ ಅತಿಥಿಗಳು. ಹತ್ತು ಗಂಟೆ ಎಂದು ಹೇಳಿದ್ದ ಕಾರ್ಯಕ್ರಮ ಅತಿಥಿಗಳು ಬಂದ ಮೇಲೆ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಶಾಲು, ಹಾರ, ಮೂರು ಭಾಷಣ, ಅಧ್ಯಕ್ಷರ ಮಾತು, ವಂದನಾರ್ಪಣೆ. ಆಟಗಾರರು ಜೆರ್ಸಿ ಹಾಕಿಕೊಂಡು ಬಿಸಿಲಲ್ಲಿ ಸಾಲಾಗಿ ನಿಂತೇ ಇದ್ದರು. ಚೆಂಡು ಮೇಲೆ ಹಾರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಶಾಮಿಯಾನದಲ್ಲಿ ತುಂಬಿದ್ದ ಮಕ್ಕಳು ಅತಿಥಿಗಳ ಕಾರು ಹೊರಟ ಹಾಗೇ ಎದ್ದು ಹೋದರು. ಅರ್ಧ ಆಟ ಮುಗಿಯುವಾಗ ಖಾಲಿ ಕುರ್ಚಿಗಳೇ ಉಳಿದಿದ್ದವು. ಮರುದಿನದ ಪತ್ರಿಕೆಯಲ್ಲಿ ಫೋಟೊ ಬಂತು. ಅದರಲ್ಲಿ ಒಬ್ಬ ಆಟಗಾರನೂ ಇರಲಿಲ್ಲ.

ಎರಡನೆಯದು ಸುತ್ತೋಲೆ. ಕೊನೆಯ ಪಿರಿಯಡ್ ರದ್ದು, ಎಲ್ಲರೂ ಪಂದ್ಯಕ್ಕೆ ಬರಬೇಕು, ಅಲ್ಲೇ ಹಾಜರಿ. ಜನ ಬಂದರು. ಹಾಜರಿ ಕೂಗಿದ ಮೇಲೆ ಮೊಬೈಲ್ ತೆಗೆದರು. ಗೇಟಿಗೆ ಬೀಗ ಹಾಕಿದ್ದರಿಂದ ಜಗಳೂರು ಕಡೆಯ ಕೆಲವು ಹುಡುಗಿಯರಿಗೆ ಬಸ್ ತಪ್ಪಿತು. ಮನೆಯವರು ಫೋನ್ ಮೇಲೆ ಫೋನ್ ಮಾಡಿದರು. ಆ ಸಂಜೆ ಪಾಪ ಆ ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಕತ್ತಲಾಗುವವರೆಗೆ ನಿಂತಿದ್ದರು. ಪ್ರಿನ್ಸಿಪಾಲರು ಸುತ್ತೋಲೆಯನ್ನು ಮತ್ತೆ ಹೊರಡಿಸಲಿಲ್ಲ. ಒತ್ತಾಯದಿಂದ ಕೂರಿಸಿದವರ ಮುಂದೆ ಆಡುವುದು ಆಟಗಾರರಿಗೂ ಅವಮಾನ ಅನ್ನಿಸಿತ್ತು.

ಮೂರನೆಯದು ಬೆಣ್ಣೆ ದೋಸೆ ಕೂಪನ್. ಹೋಟೆಲಿನವರೊಬ್ಬರು ಪ್ರೀತಿಯಿಂದ ಕೊಟ್ಟಿದ್ದರು. ಕೂಪನ್ ಮುಗಿಯಿತು, ಜನವೂ ಮುಗಿದರು.

ಕೇಳಿ ನೋಡಿದ್ದು

ಇಷ್ಟಾದ ಮೇಲೆ ಸಮಿತಿಯಲ್ಲಿದ್ದ ಕಾಮರ್ಸ್ ಮೇಡಂ ಒಂದು ಮಾತು ಹೇಳಿದರು. "ಬರದೇ ಇರೋರನ್ನ ಒಮ್ಮೆಯಾದ್ರೂ ಕೇಳಿದೀವಾ?" ಕೇಳಿರಲಿಲ್ಲ. ಅವರು ತಮ್ಮ ಬಿ.ಕಾಂ. ಮಕ್ಕಳಿಗೆ ಮಾರ್ಕೆಟಿಂಗ್ ಪ್ರಾಜೆಕ್ಟ್ ಎಂದು ಇದನ್ನೇ ಕೊಟ್ಟರು. ಮುದ್ರಿಸಿದ ಪ್ರಶ್ನಾವಳಿ ಬೇಡ, ಹೋಗಿ ಮಾತಾಡಿಸಿ ಎಂದರು. ಬಸ್ ಸ್ಟ್ಯಾಂಡ್, ಕ್ಯಾಂಟೀನ್, ಹಾಸ್ಟೆಲ್, ಲೈಬ್ರರಿ ಮೆಟ್ಟಿಲು, ಈ ನಾಲ್ಕು ಕಡೆ ಕೇಳಬೇಕು. "ಬ್ಯಾಸ್ಕೆಟ್‌ಬಾಲ್ ಇಷ್ಟಾನಾ" ಎಂದು ಮಾತ್ರ ಕೇಳಬಾರದು. "ಪಂದ್ಯ ನಡೆಯುವಾಗ ನೀನು ಎಲ್ಲಿದ್ದೆ, ಏನು ಮಾಡ್ತಿದ್ದೆ" ಎಂದು ಕೇಳಬೇಕು. ಈ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ತೀರ್ಮಾನ ಇದು. ಇಷ್ಟಾನಾ ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. ಎಲ್ಲಿದ್ದೆ ಎಂದರೆ ನಿಜ ಹೊರಗೆ ಬರುತ್ತದೆ.

ಬಂದ ಉತ್ತರಗಳಲ್ಲಿ ಬಸ್ ಎಲ್ಲಕ್ಕಿಂತ ಮೇಲಿತ್ತು. "ನಾಕೂವರೆಗೆ ಮ್ಯಾಚ್ ಅಂತಾರೆ, ಬಸ್ ಹೋಗ್ಬಿಡ್ತತಿ ಸರ್." 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ ಉಚಿತ, ಖಾಸಗಿ ಬಸ್ಸಿಗೆ ದುಡ್ಡು ಕೊಡಬೇಕು. ತಮ್ಮ ಊರಿನ ಸರ್ಕಾರಿ ಬಸ್ ಎಷ್ಟು ಹೊತ್ತಿಗೆ ಎಂದು ಅವರಿಗೆ ಬಾಯಿಪಾಠ. ಅದನ್ನು ಬಿಟ್ಟು ಆಟ ನೋಡುತ್ತಾ ನಿಲ್ಲು ಎಂದರೆ ಯಾರು ನಿಲ್ಲುತ್ತಾರೆ?

ಆಮೇಲಿನ ಉತ್ತರ, ಆಟ ಅರ್ಥವಾಗುವುದಿಲ್ಲ. ಚೆಂಡು ಬುಟ್ಟಿಗೆ ಬಿದ್ದರೆ ಒಂದು ಸಲ ಎರಡು ಪಾಯಿಂಟ್, ಇನ್ನೊಂದು ಸಲ ಮೂರು, ಮತ್ತೊಂದು ಸಲ ಒಂದು. ಸುಮ್ನೆ ಸುಮ್ನೆ ರೆಫರಿ ಸೀಟಿ ಊದುತ್ತಾರೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಇನ್ನು, ಆಡುವವರು ಯಾರು ಎಂದೇ ಗೊತ್ತಿಲ್ಲ. ನಾಲ್ಕನೇ ನಂಬರ್, ಏಳನೇ ನಂಬರ್, ಅಷ್ಟೇ. ಹುಡುಗಿಯರು ಇನ್ನೊಂದು ವಿಷಯ ಹೇಳಿದರು. ಕೋರ್ಟಿನ ಸುತ್ತ ಹುಡುಗರ ಗುಂಪು ನಿಂತಿರುತ್ತದೆ, ಏನಾದರೂ ಅನ್ನುತ್ತಾರೆ, ಅಲ್ಲಿಗೆ ಹೋಗುವುದಕ್ಕೆ ಮುಜುಗರ.

ತಂಡ ಸೋಲುತ್ತದೆ, ಅದಕ್ಕೆ ಬರುವುದಿಲ್ಲ ಎಂದವರು ತೀರಾ ಕಡಿಮೆ. ಸೋಲುತ್ತದೆ ಎನ್ನುವುದೇ ಅನೇಕರಿಗೆ ಗೊತ್ತಿರಲಿಲ್ಲ.

ಬೆಳಗಿನ ಒಂದು ಗಂಟೆ ಹೊತ್ತು

ತಿರುವು ಸಿಕ್ಕಿದ್ದು ಇದೇ ಪ್ರಾಜೆಕ್ಟಿನ ಒಂದು ಸಣ್ಣ ಟಿಪ್ಪಣಿಯಲ್ಲಿ. ಒಬ್ಬ ಹುಡುಗಿ ಬರೆದಿದ್ದಳು, "ನಮ್ಮ ಊರಿನ ಬಸ್ ಎಂಟೂವರೆಗೇ ಬಂದುಬಿಡುತ್ತದೆ. ಕ್ಲಾಸ್ ಹತ್ತಕ್ಕೆ. ಅಲ್ಲಿತನಕ ಲೈಬ್ರರಿ ಮೆಟ್ಟಿಲ ಮೇಲೆ ಕೂತಿರುತ್ತೇವೆ." ಪಿ.ಡಿ. ಸರ್ ಮರುದಿನ ಬೆಳಿಗ್ಗೆ ಬೇಗ ಬಂದು ಕ್ಯಾಂಪಸ್ ಸುತ್ತಿ ನೋಡಿದರು. ನಿಜ. ಮೆಟ್ಟಿಲ ಮೇಲೆ, ಮರದ ಕೆಳಗೆ, ಕಾರಿಡಾರಿನಲ್ಲಿ ಮಕ್ಕಳು ಹೊತ್ತು ಕಳೆಯುತ್ತಾ ಕೂತಿದ್ದರು. ನಾವು ವರ್ಷಗಟ್ಟಲೆ ಸಂಜೆ ಹುಡುಕುತ್ತಿದ್ದ ಪ್ರೇಕ್ಷಕರು ಬೆಳಿಗ್ಗೆಯೇ ಬಂದು ಕೂತಿದ್ದರು. ಬಿಸಿಲು ಏರಿರುವುದಿಲ್ಲ. ಬಸ್ಸಿನ ಚಿಂತೆ ಇಲ್ಲ.

ಹೀಗೆ ಬೆಳಗಿನ ಪಂದ್ಯ ಎನ್ನುವ ತೀರ್ಮಾನವಾಯಿತು. ವಿಶ್ವವಿದ್ಯಾಲಯದ ಟೂರ್ನಿಯ ಸಮಯ ನಮ್ಮ ಕೈಯಲ್ಲಿಲ್ಲ. ನಾವೇ ಇಟ್ಟುಕೊಳ್ಳುವ ಪಂದ್ಯಗಳದ್ದು ನಮ್ಮ ಕೈಯಲ್ಲೇ ಇದೆ.

ಪೂರ್ತಿ ಪಂದ್ಯ ಎಂದರೆ 10 ನಿಮಿಷದ 4 ಕ್ವಾರ್ಟರ್. ಗಡಿಯಾರ ನಿಲ್ಲಿಸುವುದು, ವಿರಾಮ, ಟೈಮ್ ಔಟ್ ಎಲ್ಲ ಸೇರಿದರೆ ಒಂದೂವರೆ ಗಂಟೆ ಹತ್ತಿರ ಹೋಗುತ್ತದೆ. ವಾರದ ದಿನಗಳಿಗೆ ಅದು ಹೊಂದುವುದಿಲ್ಲ. ಅದಕ್ಕೆ 3x3 ಆಟವನ್ನು ತೆಗೆದುಕೊಂಡರು. ಅರ್ಧ ಕೋರ್ಟ್, ಒಂದೇ ರಿಂಗ್, ಒಂದು ಕಡೆ ಮೂವರು, ಒಬ್ಬ ಬದಲಿ ಆಟಗಾರ. 10 ನಿಮಿಷ, ಅಥವಾ ಯಾರು ಮೊದಲು 21 ಪಾಯಿಂಟ್ ಮುಟ್ಟುತ್ತಾರೋ ಅವರದ್ದೇ ಗೆಲುವು. ಚೆಂಡು ಕೈಗೆ ಬಂದ ಮೇಲೆ 12 ಸೆಕೆಂಡಿನೊಳಗೆ ರಿಂಗಿಗೆ ಎಸೆಯಬೇಕು. ರಿಂಗಿನ ಮುಂದೆ ಎಳೆದ ಕಮಾನಿನ ಒಳಗಿಂದ ಹಾಕಿದರೆ 1, ಹೊರಗಿಂದ 2. ಟೋಕಿಯೊ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಆಟವೂ ಆಗಿದೆ. ಹೊಸದಾಗಿ ನೋಡುವವರಿಗೆ ಇಷ್ಟು ಚಿಕ್ಕ ಲೆಕ್ಕ ಬೇಗ ತಲೆಗೆ ಹತ್ತುತ್ತದೆ. ಒಂಬತ್ತು ಗಂಟೆಗೆ ಶುರು ಮಾಡಿದರೆ ಹತ್ತರೊಳಗೆ ಎರಡು ಪಂದ್ಯ ಆರಾಮಾಗಿ ಮುಗಿಯುತ್ತವೆ.

ಪಿ.ಡಿ. ಸರ್ ಒಂದು ನಿಯಮ ಸೇರಿಸಿದರು. ಕ್ಲಾಸ್ ಕ್ಲಾಸ್ ನಡುವೆ ಪಂದ್ಯ. ಒಂದು ತಂಡದಲ್ಲಿ ಕಾಲೇಜು ತಂಡದವರು ಒಬ್ಬರೇ ಇರಬೇಕು, ಚೆಂಡನ್ನೇ ಮುಟ್ಟದವರು ಒಬ್ಬರಾದರೂ ಇರಬೇಕು. ಅದರ ಪರಿಣಾಮ ಅವರೂ ಊಹಿಸಿರಲಿಲ್ಲ ಅನ್ನಿಸುತ್ತದೆ. ಓಡುತ್ತಾ ಬಂದು ಲೇ-ಅಪ್, ಅಂದರೆ ರಿಂಗಿನ ಹತ್ತಿರದಿಂದಲೇ ಚೆಂಡು, ಹಾಕುವುದು ಎಷ್ಟು ಕಷ್ಟ ಎಂದು ಬಿ.ಎ. ಹುಡುಗ ಒಬ್ಬ ತಾನೇ ನಾಲ್ಕು ಸಲ ತಪ್ಪಿಸಿ ತಿಳಿದುಕೊಂಡ. 3.05 ಮೀಟರ್ ಎತ್ತರದ ರಿಂಗ್ ಕೆಳಗಿಂದ ನೋಡಿದರೆ ಹತ್ತಿರ ಕಾಣುತ್ತದೆ, ಎಸೆದಾಗಲೇ ಗೊತ್ತಾಗುವುದು. ಆಮೇಲೆ ಕಾಲೇಜು ತಂಡದ ಹುಡುಗ ಸಲೀಸಾಗಿ ಹಾಕಿದಾಗ ಅದೇ ಬಿ.ಎ. ಹುಡುಗ ಮೊದಲು ಚಪ್ಪಾಳೆ ಹೊಡೆದ.

ತಿಂಗಳೊಪ್ಪತ್ತಿನಲ್ಲಿ ಹಳೆಯ ಕ್ಲಾಸ್‌ರೂಮ್ ಬೆಂಚುಗಳನ್ನು ಹೊರಗೆ ತರಿಸಿ ಬೇವಿನ ಮರದ ಸಾಲಿನಲ್ಲಿ ಹಾಕಿದರು. ಕೋರ್ಟಿನ ಗೆರೆಯಿಂದ 2 ಮೀಟರ್ ಬಿಡಬೇಕು ಎನ್ನುವುದು ನಿಯಮ, ಆಟಗಾರರು ಓಡುತ್ತಾ ಬಂದು ಬೆಂಚಿಗೆ ಬಡಿಯಬಾರದು. ಅಷ್ಟು ಬಿಟ್ಟು ಅಲ್ಲಿಂದಲೇ ಕೂರಿಸಿದರು. ಬೆಳಗಿನ ಬಿಸಿಲು ಬೆನ್ನಿಗೆ, ಆಟ ಕಣ್ಣೆದುರಿಗೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮರನ್ ಒಳಾಂಗಣದಲ್ಲಿ ವಿದ್ಯಾರ್ಥಿಗಳ ಸಾಲು ಕೋರ್ಟಿಗೆ ಅಂಟಿಕೊಂಡ ಹಾಗೆ ಇರುತ್ತದೆ. 1940ರಲ್ಲಿ ಕಟ್ಟಿದ್ದು, ಒಂಬತ್ತು ಸಾವಿರಕ್ಕೆ ಸ್ವಲ್ಪ ಮೇಲೆ ಜನ ಹಿಡಿಸುತ್ತಾರೆ, ಅಲ್ಲಿನ ದೊಡ್ಡ ಕಾಲೇಜುಗಳ ಲೆಕ್ಕದಲ್ಲಿ ಅದು ಚಿಕ್ಕದೇ. ಆದರೂ ಅದರ ಹೆಸರು ಆಟ ಗೊತ್ತಿದ್ದವರಿಗೆಲ್ಲ ಗೊತ್ತು. ಪಿ.ಡಿ. ಸರ್ ಅಲ್ಲಿನ ವಿಡಿಯೊ ತೋರಿಸಿಯೇ ಪ್ರಿನ್ಸಿಪಾಲರಿಂದ ಬೆಂಚು ಕೇಳಿದ್ದು.

ವೇದಿಕೆಯನ್ನು ಬಿಟ್ಟದ್ದು

ಇದು ಬರೆದಷ್ಟು ಸುಲಭವಾಗಿರಲಿಲ್ಲ. ಶನಿವಾರಗಳಂದು ಬೇರೆ ಕಾಲೇಜಿನ ಜೊತೆ ಪೂರ್ತಿ ಪಂದ್ಯ ಇಡಬೇಕು, ಎಂಟೂವರೆಗೆ ಸರಿಯಾಗಿ ಶುರುವಾಗಬೇಕು ಎಂದು ಪಿ.ಡಿ. ಸರ್ ಕೇಳಿದರು. ಅಂದರೆ ಸಭಾ ಕಾರ್ಯಕ್ರಮ ಇರುವುದಿಲ್ಲ. ದುಡ್ಡು ಕೊಡುವ ದಾನಿಗಳನ್ನು ಕರೆದು ಕೂರಿಸಿ, ಶಾಲು ಹೊದಿಸದೆ ಕಳಿಸುವುದು ಹೇಗೆ? ಆಡಳಿತ ಮಂಡಳಿಯಲ್ಲಿ ಇದಕ್ಕೆ ಬೇಸರ ಬಂತು. ಅವರ ಬೇಸರಕ್ಕೆ ಕಾರಣವೂ ಇತ್ತು. ಮುಂದಿನ ವರ್ಷ ಚೆಂಡು, ಜೆರ್ಸಿಗೆ ಅವರ ಬಳಿಯೇ ಹೋಗಬೇಕು.

ದಾರಿ ತೋರಿಸಿದವರು ಮಂಡಳಿಯ ಹಿರಿಯ ಸದಸ್ಯರೊಬ್ಬರು. ಚಿಕ್ಕವರಿದ್ದಾಗ ಕುಸ್ತಿ ಆಡಿದವರು. "ನನ್ನನ್ನ ಆಟ ನೋಡೋಕೆ ಕರೀರಿ, ಬರ್ತೀನಿ. ಶಾಲು ಗೀಲು ಬ್ಯಾಡ. ನಮ್ ಕಾಲದಾಗೆ ಅಖಾಡಕ್ಕೆ ಬಂದ ದೊಡ್ಡೋರು ಪೈಲ್ವಾನರ ಕೈ ಹಿಡಿದು ಕುಲುಕಿ ಕೂತ್ಕಂತಿದ್ರು" ಎಂದರು. ಅದೇ ಪದ್ಧತಿಯಾಯಿತು. ಅತಿಥಿಗಳು ಕೋರ್ಟಿನ ನಡುವೆ ಬಂದು ಎರಡೂ ತಂಡದವರ ಕೈ ಕುಲುಕುತ್ತಾರೆ, ಹೆಸರು ಹೇಳುತ್ತಾರೆ, ಒಂದು ಫೋಟೊ. ಸನ್ಮಾನ ವರ್ಷದ ಕೊನೆಯ ಬಹುಮಾನ ವಿತರಣೆಯ ದಿನ. ಹಿರಿಯರು ಮೊದಲ ಶನಿವಾರವೇ ಬಂದು ಬೆಂಚಿನ ಮೇಲೆ ಮಕ್ಕಳ ನಡುವೆ ಕೂತು ಆಟ ಮುಗಿಯುವವರೆಗೂ ನೋಡಿದರು. ಅವರೇ ಕೂತಿದ್ದಾರೆ ಎಂದ ಮೇಲೆ ಬೇರೆಯವರೂ ಏನೂ ಅನ್ನಲಿಲ್ಲ.

ಊರಿನ ಹೆಸರು

ಕುಸ್ತಿಯ ಮಾತು ಬಂದದ್ದರಿಂದ ಇನ್ನೊಂದು ಬಾಗಿಲು ತೆರೆಯಿತು. ಅಖಾಡದಲ್ಲಿ ಪೈಲ್ವಾನ ಇಳಿಯುವಾಗ ಮೈಕಿನಲ್ಲಿ ಏನು ಕೂಗುತ್ತಾರೆ? ಯಾವ ಊರು, ಯಾವ ಗರಡಿ, ಯಾರ ಶಿಷ್ಯ. ಕೇಳಿದವರು ತಕ್ಷಣ ಒಂದು ಪಕ್ಷ ಹಿಡಿಯುತ್ತಾರೆ. ನಮ್ಮ ಕೋರ್ಟಿನಲ್ಲಿ ಇದ್ದದ್ದು ಬೆನ್ನ ಮೇಲಿನ ನಂಬರ್ ಮಾತ್ರ.

ಕನ್ನಡ ಐಚ್ಛಿಕ ತೆಗೆದುಕೊಂಡಿದ್ದ ಒಬ್ಬ ಹುಡುಗ ತನ್ನ ಊರ ಕಡೆ ಕಬಡ್ಡಿ ಟೂರ್ನಿಗಳಿಗೆ ಮೈಕ್ ಹಿಡಿಯುತ್ತಿದ್ದ. ಅವನಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತಿರಲಿಲ್ಲ. ಪಿ.ಡಿ. ಸರ್ ಅವನನ್ನು ಅಭ್ಯಾಸಕ್ಕೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ಅವನು ಕೇಳುತ್ತಿದ್ದ ಪ್ರಶ್ನೆಗಳೇ ನೋಡುವವರ ಪ್ರಶ್ನೆಗಳು. ಚೆಂಡು ಪುಟಿಸದೆ ಹೆಜ್ಜೆ ಹಾಕಿದರೆ ಟ್ರಾವೆಲಿಂಗ್, ಹಾಗಾದರೆ ಎಷ್ಟು ಹೆಜ್ಜೆ? ಒಬ್ಬನಿಗೆ ಐದು ಫೌಲ್ ಆದರೆ ಹೊರಗೆ, ಸರಿ, ತಂಡದ ಫೌಲ್ ಲೆಕ್ಕ ಬೇರೆಯಾ? ಒಂದು ಕ್ವಾರ್ಟರಿನಲ್ಲಿ ತಂಡದ ಫೌಲ್ ನಾಲ್ಕು ದಾಟಿದರೆ ಮುಂದಿನದಕ್ಕೆ ಎದುರಾಳಿಗೆ ಎರಡು ಫ್ರೀ ಥ್ರೋ (ಯಾರೂ ತಡೆಯದೆ ಗೆರೆಯ ಮೇಲೆ ನಿಂತು ಎಸೆಯುವ ಅವಕಾಶ) ಎಂದು ತಿಳಿದ ದಿನ ಅವನ ಕಾಮೆಂಟರಿಯ ಧಾಟಿಯೇ ಬದಲಾಯಿತು. "ನಾಲ್ಕಾಯ್ತು! ಇನ್ನು ಮುಟ್ಟಿದ್ರೆ ಕೆಟ್ರಿ!" ಎಂದು ಎಚ್ಚರಿಸುವುದು ಶುರುವಾಯಿತು. ಸೀಟಿ ಬಿದ್ದಾಗಲೆಲ್ಲ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳುತ್ತಿದ್ದ. ಫ್ರೀ ಥ್ರೋ ಹಾಕುವಾಗ ಮಾತ್ರ ಮೈಕ್ ಬಂದ್, ಅದು ಪಿ.ಡಿ. ಸರ್ ಹಾಕಿದ ಕಟ್ಟುನಿಟ್ಟು.

ಹೆಸರಿನ ಜೊತೆ ಊರು ಕೂಗಿದ. "ಹೊನ್ನಾಳಿ ಸೀಮೆಯ ಹುಡುಗ ಚೆಂಡು ತಗೊಂಡ, ಆನಗೋಡಿನವನಿಗೆ ಕೊಟ್ಟ..." ಆ ಊರ ಕಡೆಯವರೆಲ್ಲ ಕತ್ತು ಎತ್ತಿ ನೋಡುತ್ತಿದ್ದರು. ಅದೇ ಬಸ್ಸಿನಲ್ಲಿ ಬರುವ ಹುಡುಗ ಇಷ್ಟು ಚೆನ್ನಾಗಿ ಆಡುತ್ತಾನೆ ಎಂದು ಅವತ್ತೇ ಗೊತ್ತಾದವರಿದ್ದರು. ಸಂಜೆ ಬಸ್ಸಿನಲ್ಲಿ ಅವನನ್ನು ಮಾತಾಡಿಸುತ್ತಿದ್ದರು. ಸೋಲನ್ನು ಯಾರಿಗೂ ತೋರಿಸಬೇಡ ಎಂದಿದ್ದ ಕ್ಯಾಪ್ಟನ್ ಈಗ ಶುಕ್ರವಾರ ಸಂಜೆ ಕ್ಲಾಸ್ ಕ್ಲಾಸಿಗೆ ಹೋಗಿ "ನಾಳೆ ಬರ್ರಿ" ಎಂದು ಹೇಳಿ ಬರತೊಡಗಿದ.

ಶಾಟ್ ಕ್ಲಾಕ್ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಪೂರ್ತಿ ಪಂದ್ಯದಲ್ಲಿ 24 ಸೆಕೆಂಡಿನೊಳಗೆ ಎಸೆಯಬೇಕು. ಒಬ್ಬ ಹುಡುಗ ಸ್ಟಾಪ್‌ವಾಚ್ ಹಿಡಿದು ಐದು ಸೆಕೆಂಡ್ ಉಳಿದಾಗ ಕೈ ಎತ್ತುತ್ತಿದ್ದ, ಬೆಂಚಿನವರೆಲ್ಲ ಒಟ್ಟಿಗೆ "ಐದು, ನಾಲ್ಕು, ಮೂರು" ಎಂದು ಎಣಿಸುತ್ತಿದ್ದರು. ಯಂತ್ರ ಇದ್ದಿದ್ದರೆ ಇದು ಹುಟ್ಟುತ್ತಿತ್ತೋ ಇಲ್ಲವೋ. ನೋಡುವವರಿಗೆ ಒಂದು ಕೆಲಸ ಸಿಕ್ಕಿತ್ತು.

ಹುಡುಗಿಯರ ಪಂದ್ಯ

ಮುಂಚೆ ಹುಡುಗಿಯರ ಆಟವನ್ನು ಹುಡುಗರ ಪಂದ್ಯಕ್ಕಿಂತ ಮೊದಲು, ಜನ ಸೇರುವ ತನಕ ಹೊತ್ತು ಹೋಗಲಿ ಎನ್ನುವ ಹಾಗೆ ಇಡುತ್ತಿದ್ದರು. ಕಾಮರ್ಸ್ ಮೇಡಂ ಅದಕ್ಕೆ ಒಪ್ಪಲಿಲ್ಲ. ಒಂದು ಶನಿವಾರ ಹುಡುಗರದ್ದು, ಮುಂದಿನ ಶನಿವಾರ ಹುಡುಗಿಯರದ್ದು, ಅವತ್ತು ಬೇರೆ ಪಂದ್ಯ ಇಲ್ಲ ಎಂದು ಮಾಡಿಸಿದರು. ಬೆಂಚುಗಳ ಒಂದು ಭಾಗ ಹುಡುಗಿಯರಿಗೇ ಬಿಟ್ಟರು. ಅಲ್ಲಿ ಅಧ್ಯಾಪಕಿಯರು ಸುಮ್ನೆ ಬಂದು ಕೂರುತ್ತಿದ್ದರು, ಯಾರನ್ನೂ ಕಾಯುವುದಕ್ಕಲ್ಲ, ಆಟ ನೋಡುವುದಕ್ಕೇ. ಅಷ್ಟರಿಂದಲೇ ಅಲ್ಲಿನ ವಾತಾವರಣ ಬದಲಾಯಿತು.

ಕೆಲವೇ ವಾರದಲ್ಲಿ ಹುಡುಗಿಯರ ಶನಿವಾರಕ್ಕೇ ಜಾಸ್ತಿ ಜನ ಸೇರತೊಡಗಿದರು. ಬೆಂಚು ತುಂಬಿ ಹಿಂದೆ ಎರಡು ಸಾಲು ನಿಲ್ಲುತ್ತಿದ್ದರು. ಅವರ ಆಟದಲ್ಲಿ ಪಾಸ್ ಜಾಸ್ತಿ, ಒಬ್ಬರೇ ಹಿಡಿದುಕೊಂಡು ಓಡುವುದು ಕಡಿಮೆ, ಹೊಸಬರಿಗೆ ನೋಡಿ ಅರ್ಥ ಮಾಡಿಕೊಳ್ಳುವುದಕ್ಕೆ ಸುಲಭ. ಒಬ್ಬ ಆಟಗಾರ್ತಿಯ ತಾಯಿ ಮತ್ತು ಅಜ್ಜಿ ಹರಿಹರದಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಗಳು ಬಿದ್ದಾಗ ಅಜ್ಜಿ ಎದ್ದು ಕೋರ್ಟಿನೊಳಗೇ ಹೊರಟಿದ್ದನ್ನು ಮೇಡಂ ಕೈ ಹಿಡಿದು ಕೂರಿಸಿದರು. "ಆಡ್ಲಿ ಬಿಡಮ್ಮ, ಏನೂ ಆಗಲ್ಲ" ಎಂದು ಆಮೇಲೆ ಅಜ್ಜಿಯೇ ಪಕ್ಕದವರಿಗೆ ಹೇಳುತ್ತಿದ್ದರು. ಆ ಮನೆಯಿಂದ ಈಗ ತಂಗಿಯೂ ಆಡುತ್ತಾಳೆ.

ಜನ ಬಂದ ಮೇಲೆ ಬಂದ ತೊಂದರೆ

ಎರಡು ಸಲ ಎಲ್ಲವೂ ನಿಂತುಹೋಗುವ ಸ್ಥಿತಿ ಬಂತು.

ಒಂದು, ಪಾಠದ ವಿಷಯ. ಒಂದು ಶನಿವಾರ ಪಂದ್ಯ ಸಮವಾಗಿ ಮುಗಿದು 5 ನಿಮಿಷದ ಹೆಚ್ಚುವರಿ ಆಟಕ್ಕೆ ಹೋಯಿತು. ಯಾರೂ ಏಳಲಿಲ್ಲ. ಮೊದಲ ಪಿರಿಯಡ್ ಅರ್ಧ ಖಾಲಿ. ಗಣಿತದ ಅಧ್ಯಾಪಕರು ಪ್ರಿನ್ಸಿಪಾಲರ ಬಳಿ ಹೋಗಿ ಲಿಖಿತವಾಗಿಯೇ ದೂರು ಕೊಟ್ಟರು. ಅವರದ್ದು ನ್ಯಾಯವಾದ ಮಾತು. ಪಿ.ಡಿ. ಸರ್ ವಾದ ಮಾಡಲಿಲ್ಲ. ಅವರೇ ಹೋಗಿ, 9 ಗಂಟೆ 55 ನಿಮಿಷಕ್ಕೆ ಆಟ ಯಾವ ಹಂತದಲ್ಲಿದ್ದರೂ ಪ್ರೇಕ್ಷಕರನ್ನು ಕಳಿಸುತ್ತೇನೆ, ಕಾಮೆಂಟರಿ ನಿಲ್ಲಿಸುತ್ತೇನೆ ಎಂದು ಒಪ್ಪಿಕೊಂಡರು. ಮುಂದೊಮ್ಮೆ ಹಾಗೇ ಮಾಡಬೇಕಾಗಿ ಬಂತು. ಕೊನೆಯ ಎರಡು ನಿಮಿಷ ಉಳಿದಿದ್ದಾಗ ಮಕ್ಕಳು ಗೊಣಗುತ್ತಲೇ ಎದ್ದರು. ಆ ಒಂದು ದಿನ ಮಾತು ಉಳಿಸಿಕೊಂಡದ್ದರಿಂದ ಅಧ್ಯಾಪಕರ ವಿರೋಧ ಕರಗಿತು.

ಇನ್ನೊಂದು ಇದಕ್ಕಿಂತ ಗಂಭೀರ. ಹುಡುಗಿಯರ ಪಂದ್ಯವೊಂದರಲ್ಲಿ ನಿಂತಿದ್ದ ಹುಡುಗರ ಗುಂಪು ಎದುರು ತಂಡದ ಆಟಗಾರ್ತಿಯನ್ನು ಅವಳ ಮೈಕಟ್ಟಿನ ಬಗ್ಗೆ ಆಡಿಕೊಂಡಿತು. ಅವಳು ಫ್ರೀ ಥ್ರೋ ಗೆರೆಯ ಮೇಲೆ ನಿಂತು ಅಳತೊಡಗಿದಳು. ರೆಫರಿ ಆಟ ನಿಲ್ಲಿಸಿದರು. ನಮ್ಮ ಹುಡುಗಿಯರ ಕ್ಯಾಪ್ಟನ್ ಮೈಕ್ ಇಸಿದುಕೊಂಡು, ಕಾಲೇಜಿನ ಪರವಾಗಿ ಆ ಆಟಗಾರ್ತಿಯ ಹೆಸರು ಹಿಡಿದು ಕ್ಷಮೆ ಕೇಳಿದಳು. ಆಮೇಲೆ ಆ ಗುಂಪಿನ ಕಡೆ ತಿರುಗಿ, "ನೀವು ಹೋಗೋವರೆಗೂ ನಾವು ಆಡಲ್ಲ" ಎಂದಳು. ಎರಡೂ ತಂಡದ ಹತ್ತೂ ಹುಡುಗಿಯರು ಹೊರಗೆ ಕೂತರು. ಹುಡುಗರ ತಂಡದ ಕ್ಯಾಪ್ಟನ್ ತಾನೇ ಹೋಗಿ ಆ ಗುಂಪನ್ನು ಹೊರಗೆ ಕಳಿಸಿ ಬಂದ. ಅವರಲ್ಲಿ ಅವನ ಕ್ಲಾಸಿನವರೂ ಇದ್ದರು.

ಪಂದ್ಯಗಳನ್ನೇ ನಿಲ್ಲಿಸಿ ಎಂದು ಮಂಡಳಿಯಿಂದ ಒತ್ತಡ ಬಂತು. ಸಮಿತಿ ಅದನ್ನು ಒಪ್ಪಲಿಲ್ಲ. ಬದಲಿಗೆ, ಆ ಹುಡುಗರನ್ನು ಕರೆದುಕೊಂಡು ಪಿ.ಡಿ. ಸರ್ ಮತ್ತು ಮೇಡಂ ಆ ಕಾಲೇಜಿಗೆ ಹೋದರು. ಆ ಹುಡುಗರು ಆ ಆಟಗಾರ್ತಿಯ ಮುಂದೆ, ಅವಳ ತಂಡದ ಮುಂದೆ ತಪ್ಪಾಯಿತು ಎಂದರು. ಆ ವರ್ಷ ಅವರಿಗೆ ಕೋರ್ಟಿನ ಕಡೆ ಪ್ರವೇಶ ಇರಲಿಲ್ಲ. ಎದುರು ತಂಡದವರ ಹೆಸರು ಹಿಡಿದು ಕೂಗುವುದಿದ್ದರೆ ಅದು ಮೆಚ್ಚುಗೆಗೆ ಮಾತ್ರ ಎನ್ನುವ ನಿಯಮವನ್ನು ಕಾಮೆಂಟರಿ ಹುಡುಗ ಪ್ರತಿ ಪಂದ್ಯದ ಮೊದಲು ಹೇಳತೊಡಗಿದ. ಅದೇ ಕಾಲೇಜಿನವರು ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಆಡಲು ಬಂದರು. ಈ ಪ್ರಕರಣದಲ್ಲಿ ನನಗೆ ಹೆಮ್ಮೆ ಅನ್ನಿಸುವ ಸಂಗತಿ ಯಾವುದು ಎಂದರೆ ಇದನ್ನೇ ಹೇಳುತ್ತೇನೆ. ಜನ ಸೇರಿಸಲು ಹೊರಡುವವರು ಮೊದಲ ದಿನವೇ ಇದಕ್ಕೆ ಸಿದ್ಧರಾಗಿರಬೇಕು. ಗುಂಪು ಬೆಳೆದ ಮೇಲೆ ನಿಯಮ ಹೇಳುವುದು ಕಷ್ಟ.

ಏನಾಯಿತು

ತಂಡ ದಿಢೀರನೆ ಗೆಲ್ಲಲಿಲ್ಲ. ಬೆಂಚು ತುಂಬಿದ ಮೊದಲ ಐದಾರು ಶನಿವಾರಗಳಲ್ಲೂ ಹುಡುಗರು ಸೋತರು. ಆದರೂ ಜನ ಮುಂದಿನ ಶನಿವಾರ ಬಂದರು. ಗೆದ್ದರೆ ಮಾತ್ರ ಬರುತ್ತಾರೆ ಎನ್ನುವ ಹಳೆಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು. ಆ ವರ್ಷದ ಅಂತರ ಕಾಲೇಜು ಟೂರ್ನಿ ಬೇರೆ ಕಾಲೇಜಿನಲ್ಲಿತ್ತು. ಮಕ್ಕಳು ತಾವೇ ದುಡ್ಡು ಹಾಕಿಕೊಂಡು ಹಲಗೆ ವಾದ್ಯ ಹಿಡಿದು ಹೋದರು. ಹುಡುಗಿಯರು ಎರಡು ಸುತ್ತು ಗೆದ್ದರು, ಹುಡುಗರು ಒಂದು. ಆಮೇಲೆ ಎರಡೂ ತಂಡ ಸೋತವು. ಮುಂದಿನ ವರ್ಷದ ಆಯ್ಕೆಗೆ ಬಂದವರ ಸಾಲು ಕೋರ್ಟಿನ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಇತ್ತು. ಅದರಲ್ಲಿ ಅರ್ಧ ಜನ ಬೆಳಗಿನ 3x3 ಆಡಿ ಬಂದವರೇ.

ಎಲ್ಲ ಸರಿಹೋಯಿತು ಎಂದಲ್ಲ. ಮಾರ್ಚ್ ಬಂದ ಮೇಲೆ ಒಂಬತ್ತಕ್ಕೇ ಸಿಮೆಂಟ್ ಕಾಯುತ್ತದೆ, ಆಗ ಜನ ಕಡಿಮೆಯಾಗುತ್ತಾರೆ. ಕಾಮೆಂಟರಿ ಹುಡುಗ ಡಿಗ್ರಿ ಮುಗಿಸಿ ಹೋದ ಮೇಲೆ ಒಂದು ಸೆಮಿಸ್ಟರ್ ಕೋರ್ಟ್ ಸಪ್ಪಗಿತ್ತು. ಹೋಗುವ ಮೊದಲೇ ಇಬ್ಬರು ಜೂನಿಯರ್‌ಗಳನ್ನು ತಯಾರು ಮಾಡಿಸಬೇಕಿತ್ತು. ಈಗ ಒಬ್ಬ ಹುಡುಗಿ, ಒಬ್ಬ ಹುಡುಗ ಸೇರಿ ಮೈಕ್ ಹಿಡಿಯುತ್ತಾರೆ. ಬೇರೆ ಕಾಲೇಜಿನವರು ಇದನ್ನು ಮಾಡುವುದಾದರೆ ಬೆಳಗಿನ ಒಂಬತ್ತು ಗಂಟೆಯನ್ನೇ ಹಾಗೇ ಎತ್ತಿಕೊಳ್ಳಬೇಡಿ. ಹಾಸ್ಟೆಲ್ ಮಕ್ಕಳೇ ಜಾಸ್ತಿ ಇರುವ ಕಾಲೇಜಿಗೆ ಸಂಜೆಯೇ ಸರಿ ಇರಬಹುದು. ನಿಮ್ಮ ಮಕ್ಕಳು ಯಾವ ಹೊತ್ತಿನಲ್ಲಿ ಎಲ್ಲಿ ಕೂತಿರುತ್ತಾರೆ ಎಂದು ಮೊದಲು ಹೋಗಿ ನೋಡಿ.

ಕೊನೆಯ ತೀರ್ಮಾನ

ಎರಡನೇ ವರ್ಷದ ಕೊನೆಗೆ ದಾನಿಯೊಬ್ಬರು ಫ್ಲಡ್ ಲೈಟ್ ಹಾಕಿಸಿಕೊಡುತ್ತೇನೆ ಎಂದು ಮುಂದೆ ಬಂದರು. ರಾತ್ರಿ ಪಂದ್ಯ ಇಟ್ಟರೆ ಊರಿಗೆಲ್ಲ ಕಾಣುತ್ತದೆ ಎನ್ನುವುದು ಅವರ ಆಸೆ. ಮಂಡಳಿಗೂ ಖುಷಿಯಾಯಿತು. ಸಮಿತಿಯಲ್ಲಿ ಇಬ್ಬರು ವಿದ್ಯಾರ್ಥಿ ಪ್ರತಿನಿಧಿಗಳಿದ್ದರು. ಜಗಳೂರು ಕಡೆಯಿಂದ ಬರುವ ಹುಡುಗಿ ಕೇಳಿದ್ದು ಒಂದೇ ಮಾತು, "ಲೈಟ್ ಬಂದ್ರೆ ಮ್ಯಾಚ್ ಸಂಜೆಗೆ ಹೋಗ್ತತಿ, ಅಲ್ವಾ ಮೇಡಂ?"

ಬಹಳ ಹೊತ್ತು ಚರ್ಚೆಯಾಯಿತು. ದಾನಿಗಳ ಮನಸ್ಸು ನೋಯಿಸಬಾರದು, ಮಕ್ಕಳನ್ನೂ ಕಳೆದುಕೊಳ್ಳಬಾರದು. ಕೊನೆಗೆ ಪಿ.ಡಿ. ಸರ್ ಮತ್ತು ಆ ಹುಡುಗಿ ಇಬ್ಬರೂ ದಾನಿಗಳ ಮನೆಗೆ ಹೋದರು. ಲೈಟ್ ಬದಲು ಬೆಂಚುಗಳ ಮೇಲೆ ತಗಡಿನ ನೆರಳು, ಎರಡು ಹೊಸ ಬೋರ್ಡ್, ಆರು ಚೆಂಡು ಕೇಳಿದರು. ಒಂದು ಶನಿವಾರ ಬೆಳಿಗ್ಗೆ ಬಂದು ನೋಡಿ, ಆಮೇಲೆ ಹೇಳಿ ಎಂದು ಕರೆದರು. ಅವರು ಬಂದರು, ಹುಡುಗಿಯರ ಪಂದ್ಯ ನೋಡಿದರು. ತಗಡಿನ ಕೆಲಸ ಬೇಸಿಗೆ ರಜೆಯಲ್ಲಿ ಮುಗಿಯಿತು. ಮಾರ್ಚಿನ ಪಂದ್ಯಗಳಿಗೆ ಅದರಿಂದ ಎಷ್ಟು ಅನುಕೂಲವಾಗುತ್ತದೆ ಎಂದು ಸಮಿತಿ ಈ ವರ್ಷ ನೋಡುತ್ತಿದೆ.